ಚಿಕ್ಕಬೆಟ್ಟದಿಂದ ಅಥೆನ್ಸಿಗೆ: ಪಾಶ್ಚಾತ್ಯ ಚಿಂತನೆಯನ್ನು ಹಾಸನದಲ್ಲಿ ಕುಳಿತು ಓದಿಕೊಳ್ಳುವ ಬಗೆ

ಪ್ರಾಚೀನ ಮತ್ತು ಮಧ್ಯಯುಗದ ಪಾಶ್ಚಾತ್ಯ ಚಿಂತನೆಯನ್ನು ಸ್ವಂತವಾಗಿ ಓದಿಕೊಳ್ಳಲು ಹೊರಟವರಲ್ಲಿ ಬಹಳಷ್ಟು ಮಂದಿ ವಿಚಾರಗಳವರೆಗೆ ತಲುಪುವುದೇ ಇಲ್ಲ. ಅದಕ್ಕೂ ಮೊದಲೇ ಹೆಸರು ಮತ್ತು ಇಸವಿಗಳ ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ. ಥೇಲ್ಸ್, ಹೆರಾಕ್ಲಿಟಸ್, ಪಾರ್ಮೆನಿಡೀಸ್, ಡೆಮಾಕ್ರಿಟಸ್ ಎಂದು ಸಾಲುಗಟ್ಟಿ ಬರುವವರಲ್ಲಿ ನಾಲ್ಕನೆಯವನು ಬರುವಷ್ಟರಲ್ಲಿ ಮೊದಲನೆಯವನು ಮರೆತಿರುತ್ತಾನೆ. ಪದವಿ ತರಗತಿಯಲ್ಲಿ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಓದಿದವರಿಗೆ ‘ಪ್ಲೇಟೊ – ಆದರ್ಶ ರಾಜ್ಯ, ಅರಿಸ್ಟಾಟಲ್ – ರಾಜ್ಯಶಾಸ್ತ್ರದ ಪಿತಾಮಹ, ಹೆರೊಡೋಟಸ್ – ಇತಿಹಾಸದ ಪಿತಾಮಹ’ ಎಂಬ ಹೊಂದಿಸಿ ಬರೆಯುವ ಪಟ್ಟಿಯಷ್ಟೇ ಉಳಿದಿರುತ್ತದೆ. ಯಾವ ಪಿತಾಮಹ ಯಾರಿಗಿಂತ ಮುಂಚಿನವನು, ಯಾರು ಯಾರ ಮಾತಿಗೆ ಎದುರು ಮಾತಾಡಿದರು ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ಪರದೇಶದ ಕಾಲವನ್ನು ಮನೆಯ ಹತ್ತಿರದ ಗೂಟಕ್ಕೆ ಕಟ್ಟಿಹಾಕಬೇಕು. ಆ ಮಟ್ಟಿಗೆ ಹಾಸನ ಜಿಲ್ಲೆಯವರು ಪುಣ್ಯವಂತರು: ಶ್ರವಣಬೆಳಗೊಳದ ಚಿಕ್ಕಬೆಟ್ಟ, ಬೇಲೂರು ತಾಲ್ಲೂಕಿನ ಹಲ್ಮಿಡಿ, ದೊಡ್ಡಬೆಟ್ಟದ ಗೊಮ್ಮಟ, ಬೇಲೂರು–ಹಳೇಬೀಡಿನ ದೇವಾಲಯಗಳು, ಕೊನೆಗೆ ದ್ವಾರಸಮುದ್ರದ ಮುತ್ತಿಗೆ. ಈ ಐದು ಗೂಟಗಳು ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಕ್ರಿ.ಶ. 1311ರವರೆಗಿನ ಹಾದಿಯನ್ನೆಲ್ಲ ಕಾಯುತ್ತವೆ. 200 ಪುಟದ ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಂಡು, ಈ ಐದು ಹೆಸರುಗಳನ್ನು ಐದು ಪುಟಗಳ ತಲೆಯಲ್ಲಿ ಬರೆಯಿರಿ. ಒಂದೊಂದರ ನಡುವೆ ಧಾರಾಳವಾಗಿ ಹಾಳೆಗಳನ್ನು ಖಾಲಿ ಬಿಡಿ. ಓದುತ್ತ ಹೋದಂತೆ ಎದುರಾಗುವ ಪ್ರತಿಯೊಬ್ಬ ಚಿಂತಕನ ಬಗ್ಗೆ ಮೂರೇ ಸಾಲು ಬರೆಯಬೇಕು: ಆತ ಯಾರಿಗೆ ಉತ್ತರ ಕೊಡುತ್ತಿದ್ದಾನೆ, ಆತನನ್ನು ಕಾಡಿದ ಪ್ರಶ್ನೆ ಯಾವುದು, ಆತ ಯಾವ ಭಾಷೆಯಲ್ಲಿ ಬರೆದ. ‘ಪಿತಾಮಹ’ ಎಂಬ ಪದಕ್ಕೆ ಈ ಪುಸ್ತಕದಲ್ಲಿ ಪ್ರವೇಶವಿಲ್ಲವೆಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಮೊದಲ ಗೂಟ ಚಿಕ್ಕಬೆಟ್ಟ. ಚಂದ್ರಗುಪ್ತ ಮೌರ್ಯನು ರಾಜ್ಯವನ್ನು ತೊರೆದು, ಭದ್ರಬಾಹು ಮುನಿಗಳೊಡನೆ ದಕ್ಷಿಣಕ್ಕೆ ಬಂದು, ಈ ಬೆಟ್ಟದ ಮೇಲೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟನೆಂದು ಜೈನ ಪರಂಪರೆ ಹೇಳುತ್ತದೆ. ಅಲ್ಲಿಯ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಆ ಕಥೆಯನ್ನು ಚಿಕ್ಕ ಚಿಕ್ಕ ಚೌಕಗಳಲ್ಲಿ ಕೆತ್ತಿದ್ದಾರೆ. ದೊಡ್ಡಬೆಟ್ಟವನ್ನು ಹತ್ತಿಳಿದು ಸುಸ್ತಾದ ಪ್ರವಾಸಿಗರು ಎದುರಿನ ಈ ಬೆಟ್ಟವನ್ನು ದೂರದಿಂದಲೇ ನೋಡಿ ಹೊರಟುಬಿಡುತ್ತಾರೆ. ನಮ್ಮ ಓದು ಶುರುವಾಗಬೇಕಾದದ್ದು ಅಲ್ಲಿಯೇ. ಈ ಚಂದ್ರಗುಪ್ತನು ಕ್ರಿ.ಪೂ. 305ರಿಂದ 303ರ ನಡುವೆ ಸೆಲ್ಯೂಕಸನೊಡನೆ ಒಪ್ಪಂದ ಮಾಡಿಕೊಂಡು, 500 ಆನೆಗಳನ್ನು ಕೊಟ್ಟು, ವಾಯವ್ಯದ ಪ್ರದೇಶಗಳನ್ನು ಪಡೆದ. ಸೆಲ್ಯೂಕಸ್ ಅಲೆಕ್ಸಾಂಡರನ ಸೇನಾನಿಯಾಗಿದ್ದವನು. ಅಲೆಕ್ಸಾಂಡರನಿಗೆ ಹುಡುಗನಾಗಿದ್ದಾಗ ಪಾಠ ಹೇಳಿದವನು ಅರಿಸ್ಟಾಟಲ್. ಅರಿಸ್ಟಾಟಲ್ ಸುಮಾರು 20 ವರ್ಷ ಪ್ಲೇಟೊವಿನ ಅಕಾಡೆಮಿಯಲ್ಲಿದ್ದವನು. ಪ್ಲೇಟೊ ಸಾಕ್ರಟೀಸನ ಸಂಗದಲ್ಲಿ ಬೆಳೆದವನು. ಚಿಕ್ಕಬೆಟ್ಟದ ಬಂಡೆಯಿಂದ ಐದೇ ಹೆಜ್ಜೆ ಹಿಂದಿಟ್ಟರೆ ಕ್ರಿ.ಪೂ. 399ರಲ್ಲಿ ಅಥೆನ್ಸಿನ ಸೆರೆಮನೆಯಲ್ಲಿ ವಿಷದ ಬಟ್ಟಲು ಹಿಡಿದ ಮುದುಕನ ಮುಂದೆ ನಿಂತಿರುತ್ತೀರಿ. ಅರಿಸ್ಟಾಟಲ್ ತೀರಿಕೊಂಡದ್ದು ಕ್ರಿ.ಪೂ. 322ರಲ್ಲಿ, ಚಂದ್ರಗುಪ್ತ ಪಟ್ಟಕ್ಕೆ ಬಂದದ್ದು ಅದರ ಆಸುಪಾಸಿನಲ್ಲಿಯೇ. ಇಷ್ಟು ಬರೆದುಕೊಂಡ ಮೇಲೆ ಅರಿಸ್ಟಾಟಲನ ಕಾಲ ಯಾವುದೆಂದು ಯಾರೂ ನಿಮಗೆ ಮತ್ತೆ ಹೇಳಿಕೊಡಬೇಕಾಗಿಲ್ಲ.

(ಸಲ್ಲೇಖನವನ್ನೂ ಸಾಕ್ರಟೀಸನ ಸಾವನ್ನೂ ಒಂದೇ ತಕ್ಕಡಿಗೆ ಹಾಕುವ ಆಸೆ ಇಲ್ಲಿ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಒಂದು ತಾನಾಗಿ ಕೈಗೊಂಡ ವ್ರತ, ಇನ್ನೊಂದು ನ್ಯಾಯಾಲಯ ವಿಧಿಸಿದ ಶಿಕ್ಷೆ. ಇಬ್ಬರೂ ಸಾವಿಗೆ ಅಂಜಲಿಲ್ಲ ಎಂಬುದರಾಚೆಗೆ ಹೋಲಿಕೆಯನ್ನು ಎಳೆಯಬಾರದು.)

ಸರಪಳಿ ಸಿಕ್ಕಿದ ಮೇಲೆ ಚರಿತ್ರೆಯ ಪುಸ್ತಕಗಳನ್ನು ಸದ್ಯಕ್ಕೆ ಮುಚ್ಚಿಟ್ಟು, ಒಂದು ಮೂಲಕೃತಿಯನ್ನು ಪೂರ್ತಿ ಓದಬೇಕು. ಹಲವರು ಉತ್ಸಾಹದಿಂದ ಪ್ಲೇಟೊವಿನ ‘ರಿಪಬ್ಲಿಕ್’ಗೆ ಕೈಹಾಕಿ, ಎರಡನೆಯ ಭಾಗದಲ್ಲಿಯೇ ಕೈಬಿಡುತ್ತಾರೆ. ಅದರ ಬದಲು ‘ಯೂಥಿಫ್ರೊ’ ಎಂಬ ಚಿಕ್ಕ ಸಂವಾದದಿಂದ ಶುರುಮಾಡಿ; ಒಂದು ಸಂಜೆಗೆ ಮುಗಿಯುತ್ತದೆ. ಅದಾದ ಮೇಲೆ ಸಾಕ್ರಟೀಸನು ಸುಮಾರು 500 ಮಂದಿ ನ್ಯಾಯದರ್ಶಿಗಳ ಮುಂದೆ ಮಾಡಿದ ಸಮರ್ಥನೆಯಾದ ‘ಅಪಾಲಜಿ’, ಸೆರೆಮನೆಯಿಂದ ತಪ್ಪಿಸಿಕೊಂಡು ಹೋಗಲು ಗೆಳೆಯ ಒತ್ತಾಯಿಸುವ ‘ಕ್ರೈಟೊ’, ಕೊನೆಗೆ ‘ಫೀಡೊ’ವಿನ ಅಂತಿಮ ಪುಟಗಳು. ಈ ಕ್ರಮದಲ್ಲಿ ಓದಿದರೆ ಒಬ್ಬ ಮನುಷ್ಯನ ಕೊನೆಯ ದಿನಗಳ ಕಥೆಯಾಗಿ ತತ್ತ್ವಶಾಸ್ತ್ರ ಒಳಗಿಳಿಯುತ್ತದೆ. ಸಾಕ್ರಟೀಸ್ ಸ್ವತಃ ಒಂದಕ್ಷರವನ್ನೂ ಬರೆದವನಲ್ಲ. ನಮಗೆ ಕೇಳುವ ದನಿಯಲ್ಲಿ ಪ್ಲೇಟೊವಿನ ದನಿ ಎಷ್ಟು ಬೆರೆತಿದೆ ಎಂಬ ಸಂಶಯವನ್ನು ಉದ್ದಕ್ಕೂ ಇಟ್ಟುಕೊಂಡೇ ಓದಬೇಕು.

‘ಯೂಥಿಫ್ರೊ’ ಓದುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಧರ್ಮದ ಆರೋಪ ಹೊತ್ತ ಸಾಕ್ರಟೀಸನಿಗೆ ನ್ಯಾಯಾಲಯದ ಜಗಲಿಯಲ್ಲಿ ಯೂಥಿಫ್ರೊ ಎಂಬವನು ಎದುರಾಗುತ್ತಾನೆ. ಆತ ಬಂದಿರುವುದು ತನ್ನ ತಂದೆಯ ಮೇಲೆಯೇ ಕೊಲೆಯ ದಾವೆ ಹೂಡಲು. ನಡೆದದ್ದೇನೆಂದರೆ, ನ್ಯಾಕ್ಸೊಸ್ ದ್ವೀಪದ ಅವರ ಜಮೀನಿನಲ್ಲಿ ಒಬ್ಬ ಕೂಲಿಯಾಳು ಕುಡಿದ ಮತ್ತಿನಲ್ಲಿ ಮನೆಯ ಗುಲಾಮನೊಬ್ಬನನ್ನು ಕೊಂದ. ತಂದೆಯು ಆ ಕೂಲಿಯಾಳಿನ ಕೈಕಾಲು ಕಟ್ಟಿ ಹಳ್ಳಕ್ಕೆ ಎಸೆದು, ಏನು ಮಾಡಬೇಕೆಂದು ಕೇಳಿಬರಲು ಅಥೆನ್ಸಿಗೆ ಆಳು ಕಳಿಸಿದ. ಉತ್ತರ ಬರುವಷ್ಟರಲ್ಲಿ ಕಟ್ಟಿಹಾಕಿದವನು ಹಸಿವು ಮತ್ತು ಚಳಿಯಿಂದ ಸತ್ತಿದ್ದ. ತಂದೆಯ ಮೇಲೆ ದಾವೆ ಹೂಡುವುದೇ ದೈವಕ್ಕೆ ಪ್ರಿಯವಾದ ಕೆಲಸವೆಂದು ಮಗನಿಗೆ ಖಚಿತವಾಗಿ ಗೊತ್ತು. ಅಷ್ಟು ಖಚಿತವಾಗಿ ಗೊತ್ತಿದ್ದರೆ ನನಗೂ ಹೇಳಿಕೊಡು ಎಂದು ಸಾಕ್ರಟೀಸ್ ವಿನಯದಿಂದ ಹಿಡಿದುಕೊಳ್ಳುತ್ತಾನೆ. ಪುಣ್ಯಕಾರ್ಯವನ್ನು ದೇವತೆಗಳು ಮೆಚ್ಚುವುದು ಅದು ಪುಣ್ಯವಾಗಿರುವುದರಿಂದಲೋ, ಅಥವಾ ದೇವತೆಗಳು ಮೆಚ್ಚುವುದರಿಂದಲೇ ಅದು ಪುಣ್ಯವಾಗುತ್ತದೆಯೋ? ಈ ಒಂದು ಪ್ರಶ್ನೆಯ ಮುಂದೆ ಯೂಥಿಫ್ರೊ ಸುತ್ತಿ ಸುತ್ತಿ ಹೊರಟ ಕಡೆಗೇ ಬಂದು, ಕೊನೆಗೆ ಅವಸರದ ಕೆಲಸವಿದೆಯೆಂದು ಜಾಗ ಖಾಲಿ ಮಾಡುತ್ತಾನೆ.

ಹಾಸನದಲ್ಲಿ ನಾವು ನಾಲ್ಕಾರು ಮಂದಿ ಭಾನುವಾರದ ಬೆಳಿಗ್ಗೆ ಕೂಡಿ ಇದನ್ನು ಗಟ್ಟಿಯಾಗಿ ಓದಿದಾಗ, ದೇವತೆಗಳ ಪ್ರಶ್ನೆಯ ಮೇಲೆ ಬಿಸಿ ಚರ್ಚೆ ನಡೆಯುತ್ತದೆಂದು ನಾನು ಎಣಿಸಿದ್ದೆ. ಸಕಲೇಶಪುರದ ಕಡೆಯಿಂದ ಬಂದಿದ್ದ ಕಾಫಿ ತೋಟದವರೊಬ್ಬರು, “ಅದಿರಲಿ ಸಾರ್, ಹಳ್ಳದಲ್ಲಿ ಸತ್ತನಲ್ಲ, ಆ ಕೂಲಿಯವನ ಹೆಸರೇನು?” ಎಂದರು. ಪುಟ ತಿರುವಿ ನೋಡಿದೆವು. ಪ್ಲೇಟೊ ಅವನಿಗೆ ಹೆಸರು ಕೊಟ್ಟಿಲ್ಲ. ಅವನು ಕೊಂದ ಗುಲಾಮನಿಗೂ ಇಲ್ಲ. ಅಥೆನ್ಸಿನ ಪ್ರಜಾಪ್ರಭುತ್ವದಲ್ಲಿ ಹೆಂಗಸರಿಗೆ, ಗುಲಾಮರಿಗೆ, ಪರಸ್ಥಳದವರಿಗೆ ಮತವಿರಲಿಲ್ಲವೆಂದು ನೂರು ಸಲ ಪಾಠ ಹೇಳಿದ್ದ ನನಗೆ ಆ ಮಾತಿನ ತೂಕ ತಿಳಿದದ್ದು ಅಂದೇ. ಅರಿಸ್ಟಾಟಲ್ ಕೂಡ ಸ್ಟಾಗಿರದಿಂದ ಬಂದ ಪರಸ್ಥಳದವನು. ಪೌರತ್ವದ ಬಗ್ಗೆ ಅಷ್ಟೊಂದು ಬರೆದವನು ತಾನು ಬಾಳಿದ ಅಥೆನ್ಸಿನ ಪೌರನಾಗಿರಲಿಲ್ಲ.

ಗುರುಶಿಷ್ಯರ ಭಿನ್ನಾಭಿಪ್ರಾಯವನ್ನು ಹಿಡಿದುಕೊಳ್ಳುವುದು ಮುಂದಿನ ಕೆಲಸ. ಕಣ್ಣಿಗೆ ಕಾಣುವ ವಸ್ತುಗಳೆಲ್ಲ ಬದಲಾಗುವಂಥವು. ಬದಲಾಗದ ನಿಜರೂಪಗಳು ಬುದ್ಧಿಗೆ ಮಾತ್ರ ನಿಲುಕುವ ಬೇರೆಯೇ ನೆಲೆಯಲ್ಲಿವೆ ಎಂಬುದು ಪ್ಲೇಟೊವಿನ ನಿಲುವು. ರೂಪವು ವಸ್ತುವಿನೊಳಗೇ ಇದೆ, ಬೇರೆ ಲೋಕವನ್ನು ಹುಡುಕಬೇಕಾಗಿಲ್ಲ ಎಂಬುದು ಅರಿಸ್ಟಾಟಲನದು. ಒಂದು ವಸ್ತು ಆಗುವುದಕ್ಕೆ ಅರಿಸ್ಟಾಟಲ್ ಹೇಳುವ ನಾಲ್ಕು ಕಾರಣಗಳನ್ನು ತಿಳಿಯಲು ಬೇಲೂರಿನ ಒಂದು ಮದನಿಕೆಯ ಕೆಳಗೆ ನಿಂತರೆ ಸಾಕು. ಬಳಪದ ಕಲ್ಲು ಅದರ ಉಪಾದಾನ, ಅಂದರೆ ಅದು ಯಾವುದರಿಂದ ಆಯಿತೋ ಆ ದ್ರವ್ಯ. ಕೆತ್ತಿದ ಶಿಲ್ಪಿ, ಬಳ್ಳಿಗಾವೆಯ ದಾಸೋಜನೆಂದೇ ಇಟ್ಟುಕೊಳ್ಳೋಣ, ಅದರ ನಿಮಿತ್ತ, ಅಂದರೆ ಅದನ್ನು ಆಗಿಸಿದವನು. ಇವೆರಡು ಕಾರಣಗಳು ನಮ್ಮ ದರ್ಶನಗಳನ್ನು ಓದಿದವರಿಗೆ ಹಳೆಯ ನೆಂಟರು. ಅರಿಸ್ಟಾಟಲ್ ಇನ್ನೆರಡನ್ನು ಸೇರಿಸುತ್ತಾನೆ: ಕಲ್ಲು ಕಲ್ಲಾಗಿ ಉಳಿಯದೆ ಮದನಿಕೆಯಾಗಲು ಬೇಕಾದ ಆಕಾರ, ಮತ್ತು ಅದು ಯಾತಕ್ಕಾಗಿ ಎಂಬ ಉದ್ದೇಶ. ಈ ನಾಲ್ಕನೆಯದರಲ್ಲಿಯೇ ಆತನ ನೀತಿಶಾಸ್ತ್ರವೂ ರಾಜ್ಯಶಾಸ್ತ್ರವೂ ಅಡಗಿವೆ. ಮನುಷ್ಯನು ಯಾತಕ್ಕಾಗಿ, ನಗರವು ಯಾತಕ್ಕಾಗಿ ಎಂದು ಕೇಳಿಯೇ ಆತ ಮುಂದುವರಿಯುವುದು.

ಕನ್ನಡದಲ್ಲಿ ಓದುವವರು ಅನುವಾದದ ಪದಗಳ ಮೇಲೆ ಒಂದು ಕಣ್ಣಿಡಬೇಕು. ಗ್ರೀಕರ ‘ಪೊಲಿಸ್’ ಅನ್ನು ರಾಜ್ಯವೆಂದು ಅನುವಾದಿಸಿದರೆ ನಮ್ಮ ಮನಸ್ಸಿಗೆ ಬೆಂಗಳೂರಿನ ವಿಧಾನಸೌಧ ಬರುತ್ತದೆ. ಅದು ಒಂದು ಊರು, ಅದರ ಸುತ್ತಲಿನ ಹೊಲಗದ್ದೆ, ಪರಸ್ಪರ ಗುರುತಿರುವ ಪೌರರು. ‘ಪ್ಸೈಕಿ’ಯನ್ನು ಆತ್ಮವೆಂದ ಕೂಡಲೇ ಉಪನಿಷತ್ತು ನೆನಪಾಗುತ್ತದೆ, ಆದರೆ ಅರಿಸ್ಟಾಟಲನ ಪ್ರಕಾರ ಗಿಡಕ್ಕೂ ಪ್ಸೈಕಿ ಇದೆ, ಅದು ಜೀವಂತಿಕೆಯ ತತ್ತ್ವ. ‘ಅರೆಟೆ’ ಎಂದರೆ ಸದ್ಗುಣವಷ್ಟೇ ಆಗದೆ ಹರಿತವಾದ ಚಾಕುವಿಗೂ ಸಲ್ಲುವ ಉತ್ಕೃಷ್ಟತೆ. ಇಂಥ ಪದಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗ್ರೀಕ್ ರೂಪದಲ್ಲಿಯೇ ಬರೆದಿಟ್ಟುಕೊಳ್ಳಿ. ಗ್ರೀಕ್ ದುರಂತ ನಾಟಕಗಳ ರುಚಿ ಬೇಕಾದವರು ಮೊದಲು ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ ಓದಿ, ಅನಂತರ ಅದರ ಮೂಲವಾದ ಸೋಫೊಕ್ಲೀಸನ ‘ಏಜಾಕ್ಸ್’ಗೆ ಹೋಗಬಹುದು.

ಚಿಕ್ಕಬೆಟ್ಟದಿಂದ ಹಲ್ಮಿಡಿಯವರೆಗೆ ಏಳೂವರೆ ಶತಮಾನದ ದೂರವಿದ್ದರೂ ಇಲ್ಲಿ ಬೇಗ ನಡೆಯಬಹುದೆಂಬುದು ನನ್ನ ಅಭಿಪ್ರಾಯ. ಜೀನೊ ಆರಂಭಿಸಿದ ಸ್ಟೊಯಿಕ್ ಪಂಥ ಮತ್ತು ಎಪಿಕ್ಯೂರಸನ ಪಂಥ, ಎರಡೂ ಮನಶ್ಶಾಂತಿಯ ದಾರಿ ಹುಡುಕಿದವು. ಸ್ಟೊಯಿಕರಲ್ಲಿ ಗುಲಾಮನಾಗಿದ್ದ ಎಪಿಕ್ಟೆಟಸನೂ ಚಕ್ರವರ್ತಿಯಾಗಿದ್ದ ಮಾರ್ಕಸ್ ಅರೇಲಿಯಸನೂ ಒಂದೇ ಪಾಠವನ್ನು ಒಪ್ಪಿದರೆಂಬುದು ನೆನಪಿಡಬೇಕಾದ ಸಂಗತಿ. ರೋಮಿನ ವಾಗ್ಮಿ ಸಿಸೆರೊ ಗ್ರೀಕ್ ವಿಚಾರಗಳನ್ನು ಲ್ಯಾಟಿನ್ನಿಗೆ ತಂದ. ರೋಮನರ ಸ್ವಂತ ಸಾಧನೆ ಕಾನೂನು, ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳಿಂದ ಶುರುವಾದದ್ದನ್ನು ಕ್ರಿ.ಶ. 529ರಿಂದ 534ರ ನಡುವೆ ಜಸ್ಟಿನಿಯನ್ ಚಕ್ರವರ್ತಿ ಸಂಹಿತೆಯಾಗಿ ಕ್ರೋಡೀಕರಿಸಿದ.

ಹಲ್ಮಿಡಿ ಶಾಸನದ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರು ಎನ್ನುತ್ತಾರೆ. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರುಗಳನ್ನು ದತ್ತಿ ಬಿಟ್ಟ ಸಂಗತಿಯನ್ನು ಕನ್ನಡದಲ್ಲಿ ಕಲ್ಲಿಗೆ ಹಾಕಿಸುತ್ತಿದ್ದ ಆ ಕಾಲಕ್ಕೆ ಪಶ್ಚಿಮದ ರೋಮ್ ಸಾಮ್ರಾಜ್ಯ ಕೊನೆಯುಸಿರೆಳೆಯುತ್ತಿತ್ತು. 410ರಲ್ಲಿ ಅಲಾರಿಕನ ಗಾಥ್ ಪಡೆ ರೋಮನ್ನು ಲೂಟಿ ಮಾಡಿದಾಗ, ಹಳೆಯ ದೇವತೆಗಳನ್ನು ಬಿಟ್ಟು ಕ್ರಿಸ್ತನನ್ನು ನಂಬಿದ್ದೇ ಇದಕ್ಕೆ ಕಾರಣವೆಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ ಬರೆದದ್ದು ‘ದೇವನಗರಿ’. ಮನುಷ್ಯರು ಕಟ್ಟಿದ ಯಾವ ನಗರವೂ ಶಾಶ್ವತವಲ್ಲವೆಂದು ವಾದಿಸಿದ ಆತ 430ರಲ್ಲಿ ತೀರಿಕೊಂಡಾಗ ಹಿಪ್ಪೊವನ್ನೇ ವ್ಯಾಂಡಲರು ಮುತ್ತಿದ್ದರು. ಆದರೆ ಅಗಸ್ಟೀನನನ್ನು ಆ ದೊಡ್ಡ ಗ್ರಂಥದಿಂದ ಆರಂಭಿಸಬೇಡಿ. ‘ತಪ್ಪೊಪ್ಪಿಗೆಗಳು’ ಎಂಬ ಆತ್ಮಕಥನದ ಎರಡನೆಯ ಭಾಗದಲ್ಲಿ, ಹುಡುಗನಾಗಿದ್ದಾಗ ಗೆಳೆಯರೊಡನೆ ಪಕ್ಕದ ತೋಟದ ಪೇರ್ ಹಣ್ಣು ಕದ್ದ ಪ್ರಸಂಗವಿದೆ. ಹಸಿವಿರಲಿಲ್ಲ, ಹಣ್ಣೂ ರುಚಿಯಾಗಿರಲಿಲ್ಲ, ಕದ್ದದ್ದರಲ್ಲಿ ಬಹುಪಾಲನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಕದ್ದದ್ದು ಏತಕ್ಕೆ? ಸಾಕ್ರಟೀಸ್ ಕೆಟ್ಟದ್ದನ್ನು ಅಜ್ಞಾನದ ಫಲವೆನ್ನುತ್ತಿದ್ದ. ಗೊತ್ತಿದ್ದೂ ಕೆಟ್ಟದ್ದನ್ನೇ ಬಯಸುವ ಮನಸ್ಸಿನ ವಿಚಾರವನ್ನು ಈ ಪೇರ್ ಹಣ್ಣು ಮುಂದಿಡುತ್ತದೆ. ನೋಟ್‌ಬುಕ್ಕಿನಲ್ಲಿ ಅಗಸ್ಟೀನನ ಹೆಸರಿನ ಮುಂದೆ ‘ಸಾಕ್ರಟೀಸನಿಗೆ ಉತ್ತರ’ ಎಂದು ಬರೆಯಬಹುದಾದ ಜಾಗ ಇದು.

ಇದರ ನಂತರದ ಕಾಲವನ್ನು ‘ಕತ್ತಲೆಯ ಯುಗ’ವೆಂದು ಗೈಡುಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಮೂರನೆಯ ಗೂಟವಾದ ಗೊಮ್ಮಟನ ಬಳಿ ನಿಂತರೆ ಆ ಮಾತಿನ ಟೊಳ್ಳು ಕಾಣುತ್ತದೆ. ಚಾವುಂಡರಾಯನು 981ರ ಸುಮಾರಿಗೆ ಈ ವಿಗ್ರಹವನ್ನು ಮಾಡಿಸುವ ಹೊತ್ತಿಗೆ, ಮುಂದೆ ವೈದ್ಯಶಾಸ್ತ್ರಕ್ಕೂ ತತ್ತ್ವಶಾಸ್ತ್ರಕ್ಕೂ ದೊಡ್ಡ ಹೆಸರಾದ ಇಬ್ನ್ ಸಿನಾ ಒಂದು ವರ್ಷದ ಕೂಸು. ಆತ ಹುಟ್ಟಿದ್ದು 980ರಲ್ಲಿ. ಅದಕ್ಕೂ ಒಂದು ಶತಮಾನದ ಹಿಂದೆಯೇ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವೈದ್ಯ ಗ್ರೀಕ್ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬೀ ಭಾಷೆಗಳಿಗೆ ತಂದಿದ್ದ. ಉತ್ತರ ಸ್ಪೇನಿನ ಮಠವೊಂದರಲ್ಲಿ 976ರಲ್ಲಿ ಪೂರೈಸಿದ ಹಸ್ತಪ್ರತಿಯೊಂದರಲ್ಲಿ ಭಾರತೀಯ ಮೂಲದ ಒಂಬತ್ತು ಅಂಕಿಗಳು ಸೊನ್ನೆಯಿಲ್ಲದೆ ಕಾಣಿಸಿಕೊಂಡಿವೆ. ಅರಿಸ್ಟಾಟಲ್ ಅಥೆನ್ಸಿನಿಂದ ನೆಟ್ಟಗೆ ಪ್ಯಾರಿಸಿಗೆ ಹೋದವನಲ್ಲ; ಬಾಗ್ದಾದ್, ಸ್ಪೇನಿನ ಕಾರ್ಡೊಬಾ ಮತ್ತು ಟೊಲೆಡೊ ಸುತ್ತಿಕೊಂಡು, ಮೂರು ನಾಲ್ಕು ಭಾಷೆಗಳ ಉಡುಪು ತೊಟ್ಟು ಹೋದವನು. ಟೊಲೆಡೊ 1085ರಲ್ಲಿ ಕ್ರೈಸ್ತ ಅರಸರ ವಶವಾದ ಮೇಲೆ ಇಟಲಿಯ ಜೆರಾರ್ಡ್ ಅಲ್ಲಿಗೆ ಬಂದು, ಸುಮಾರು 70 ಗ್ರಂಥಗಳನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ. ಮೂರನೆಯ ಪುಟದಲ್ಲಿ ‘ಭಾಷೆ’ ಎಂಬ ಸಾಲು ಉಳಿದೆರಡಕ್ಕಿಂತ ಮುಖ್ಯವಾಗುವುದು ಇದರಿಂದಲೇ.

ನಾಲ್ಕನೆಯ ಗೂಟದಲ್ಲಿ ಎರಡು ಇಸವಿಗಳಿವೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆರಂಭ 1121ರ ಸುಮಾರಿಗೆ. ವಿಷ್ಣುವರ್ಧನನ ಶಿಲ್ಪಿಗಳು ಉಳಿ ಹಿಡಿದಿದ್ದ ಈ ವರ್ಷಗಳ ಆಸುಪಾಸಿನಲ್ಲಿಯೇ ಪ್ಯಾರಿಸಿನಲ್ಲಿ ತರ್ಕದ ಗುರು ಪೀಟರ್ ಅಬೆಲಾರ್ಡ್ ಮತ್ತು ಆತನ ಶಿಷ್ಯೆ ಎಲೊಯಿಸ್ ಅವರ ಪ್ರೇಮ ಅರಳಿ ಮುರಿಯಿತು. ಎಲೊಯಿಸಳ ಬಂಧುಗಳು ಅಬೆಲಾರ್ಡನ ವೃಷಣಚ್ಛೇದ ಮಾಡಿಸಿದರು. ಇಬ್ಬರೂ ಮಠ ಸೇರಿದರು. 1121ರಲ್ಲಿ ಸೊಯ್ಸೋನ್ ನಗರದ ಧರ್ಮಸಭೆಯು ತ್ರಿತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ಕ್ರೈಸ್ತ ನಂಬಿಕೆಯ) ಬಗ್ಗೆ ಆತ ಬರೆದ ಪುಸ್ತಕವನ್ನು ಆತನ ಕೈಯಿಂದಲೇ ಬೆಂಕಿಗೆ ಹಾಕಿಸಿತು. ಅಬೆಲಾರ್ಡನ ಇನ್ನೊಂದು ಕೃತಿ ‘ಹೌದು ಮತ್ತು ಅಲ್ಲ’; 158 ಪ್ರಶ್ನೆಗಳಿಗೆ ಸಂಬಂಧಿಸಿ ಚರ್ಚಿನ ಪೂಜ್ಯರು ಹೇಳಿದ ಪರಸ್ಪರ ವಿರುದ್ಧವಾದ ಮಾತುಗಳನ್ನು ಎದುರುಬದುರು ಕೂರಿಸಿ, ತೀರ್ಪನ್ನು ಓದುಗನಿಗೇ ಬಿಟ್ಟದ್ದು. ಇದೇ ಪುಟದಲ್ಲಿ ಹಿಲ್ಡೆಗಾರ್ಡಳಿಗೂ ಜಾಗ ಕೊಡಿ. ರೈನ್ ನದಿಯ ಕಡೆಯ ಈ ಸಂನ್ಯಾಸಿನಿ ದರ್ಶನಗಳನ್ನೂ ವೈದ್ಯವನ್ನೂ ಬರೆದಳು, ಸಂಗೀತವನ್ನೂ ರಚಿಸಿದಳು. ಎಲೊಯಿಸಳ ಪತ್ರಗಳನ್ನಂತೂ ಓದಲೇಬೇಕು. ಅಬೆಲಾರ್ಡನಿಗಿಂತ ಆಕೆಯ ಗದ್ಯವೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಂಡಿದೆ.

ಪ್ರಶ್ನೋತ್ತರದ ಈ ಪದ್ಧತಿ ತುತ್ತತುದಿಗೆ ಏರಿದ್ದು ಒಂದೂವರೆ ಶತಮಾನದ ನಂತರ, ಕ್ರೈಸ್ತ ಸಂನ್ಯಾಸಿ ಥಾಮಸ್ ಅಕ್ವಿನಾಸನಲ್ಲಿ. 1265ರಲ್ಲಿ ಆರಂಭಿಸಿದ ‘ಸುಮ್ಮಾ’ ಎಂಬ ದೇವತಾಶಾಸ್ತ್ರದ ದೊಡ್ಡ ಗ್ರಂಥವನ್ನು ಪೂರ್ತಿಗೊಳಿಸದೆಯೇ ಆತ 1274ರಲ್ಲಿ ತೀರಿಕೊಂಡ. ಇದನ್ನು ಓದುವ ಬಗೆ ತಿಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. ಪದವಿಯ ಎರಡನೆಯ ವರ್ಷದಲ್ಲಿ, ಗ್ರಂಥಾಲಯದ ಪ್ರತಿಯಿಂದ ಅವಸರದಲ್ಲಿ ಒಂದು ಪುಟವನ್ನು ನಕಲು ಮಾಡಿಕೊಂಡು, ದೇವರಿಲ್ಲವೆಂದು ಅಕ್ವಿನಾಸ್ ಎರಡು ಕಾರಣಗಳಿಂದ ಸಾಧಿಸಿದ್ದಾನೆಂದು ಪರೀಕ್ಷೆಯಲ್ಲಿ ಬರೆದುಬಂದೆ. ಲೋಕದಲ್ಲಿ ಕೇಡು ಇರುವುದರಿಂದ ಅನಂತ ಒಳಿತಾದ ದೇವರು ಇರಲಾರ. ಪ್ರಕೃತಿ ಮತ್ತು ಮನುಷ್ಯನ ಇಚ್ಛೆಯಿಂದಲೇ ಎಲ್ಲವನ್ನೂ ವಿವರಿಸಬಹುದಾದ್ದರಿಂದ ದೇವರ ಅಗತ್ಯವಿಲ್ಲ. ಆ ಪುಟದಲ್ಲಿ ಈ ಎರಡೂ ಮಾತುಗಳು ಅಕ್ಷರಶಃ ಇದ್ದವು. ಇದ್ದದ್ದು ಪೂರ್ವಪಕ್ಷವಾಗಿ! ಅಕ್ವಿನಾಸನ ಪ್ರತಿಯೊಂದು ವಿಚಾರವೂ ಎದುರಾಳಿಯ ಆಕ್ಷೇಪಗಳಿಂದ ಶುರುವಾಗುತ್ತದೆ; ಆಮೇಲೆ ‘ಇದಕ್ಕೆ ವಿರುದ್ಧವಾಗಿ’ ಎಂದು ಒಂದು ಪ್ರಮಾಣವಾಕ್ಯ, ಆಮೇಲೆ ‘ನನ್ನ ಉತ್ತರ’ ಎಂದು ಸಿದ್ಧಾಂತ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ನಮ್ಮ ಭಾಷ್ಯಗಳಲ್ಲಿ ಪೂರ್ವಪಕ್ಷ–ಸಿದ್ಧಾಂತಗಳ ಕ್ರಮವನ್ನು ಕೇಳಿ ಬಲ್ಲ ಕನ್ನಡಿಗರಿಗೆ ಇದು ಬೇಗ ಒಗ್ಗುತ್ತದೆ. ಆದ್ದರಿಂದ ‘ನನ್ನ ಉತ್ತರ’ ಎಂಬಲ್ಲಿಂದ ಮೊದಲು ಓದಿ, ಆಮೇಲೆ ತಲೆಯಿಂದ ಬುಡದವರೆಗೆ ಮತ್ತೊಮ್ಮೆ ಓದಿ.

ಅಕ್ವಿನಾಸನ ಬರಹದಲ್ಲಿ ಬರೀ ‘ತತ್ತ್ವಜ್ಞಾನಿ’ ಎಂದಿದ್ದರೆ ಅದು ಅರಿಸ್ಟಾಟಲ್. ಬರೀ ‘ಭಾಷ್ಯಕಾರ’ ಎಂದಿದ್ದರೆ ಕಾರ್ಡೊಬಾದ ಇಬ್ನ್ ರುಶ್ದ್, ಅಂದರೆ ಲ್ಯಾಟಿನ್ನರ ಆವೆರೊಯೆಸ್. ಈ ಗೌರವ ಸುಲಭವಾಗಿ ಬಂದದ್ದಲ್ಲ. 1210ರಲ್ಲಿ ಪ್ಯಾರಿಸಿನಲ್ಲಿ ಅರಿಸ್ಟಾಟಲನ ಪ್ರಕೃತಿಶಾಸ್ತ್ರದ ಪಾಠವನ್ನೇ ನಿಷೇಧಿಸಿದ್ದರು. 1255ರ ಹೊತ್ತಿಗೆ ಅವೇ ಗ್ರಂಥಗಳು ಕಡ್ಡಾಯ ಪಠ್ಯಗಳಾದವು. 1277ರಲ್ಲಿ ಪ್ಯಾರಿಸಿನ ಬಿಷಪ್ ಮತ್ತೆ 219 ಪ್ರತಿಪಾದನೆಗಳನ್ನು ಖಂಡಿಸಿದ. ವಿಚಾರಗಳ ಚರಿತ್ರೆಯನ್ನು ಓದುವಾಗ ಇಂಥ ನಿಷೇಧಗಳ ಇಸವಿಗಳನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಯಾವುದಕ್ಕೆ ಅಂಜಿದರೆಂಬುದು ಯಾವುದು ಬಲವಾಗಿತ್ತೆಂಬುದನ್ನು ತಿಳಿಸುತ್ತದೆ.

ಐದನೆಯ ಗೂಟ 1311. ಮಲಿಕ್ ಕಾಫೂರನ ಸೇನೆ ದ್ವಾರಸಮುದ್ರವನ್ನು ಮುತ್ತಿ, ಮೂರನೆಯ ಬಲ್ಲಾಳನು ಸಂಪತ್ತನ್ನು ಒಪ್ಪಿಸಬೇಕಾಗಿ ಬಂದ ಆ ಕಾಲದಲ್ಲಿ, 1302ರಲ್ಲಿಯೇ ಫ್ಲಾರೆನ್ಸಿನಿಂದ ಗಡೀಪಾರಾಗಿದ್ದ ಇಟಲಿಯ ಕವಿ ಡಾಂಟೆ ಪರವೂರುಗಳಲ್ಲಿ ಅಲೆಯುತ್ತ ‘ಡಿವೈನ್ ಕಾಮೆಡಿ’ ಎಂಬ ತನ್ನ ಮಹಾಕಾವ್ಯವನ್ನು ಕಟ್ಟುತ್ತಿದ್ದ. ವಿದ್ವಾಂಸರ ಲ್ಯಾಟಿನ್ನನ್ನು ಬಿಟ್ಟು ತನ್ನ ಊರಿನ ಆಡುನುಡಿಯಲ್ಲಿ ಬರೆದ. ಆಡುನುಡಿಯ ಪರವಾಗಿ ಅದಕ್ಕೂ ಮೊದಲು ಆತ ಮಂಡಿಸಿದ ವಾದ ಮಾತ್ರ ಲ್ಯಾಟಿನ್ನಿನಲ್ಲಿದೆ. ಸಂಸ್ಕೃತದ ತತ್ಸಮಗಳನ್ನು ಬಿಟ್ಟು ‘ಕಬ್ಬಿಗರ ಕಾವ’ ಬರೆದ 13ನೆಯ ಶತಮಾನದ ನಮ್ಮ ಆಂಡಯ್ಯನನ್ನು ಇಲ್ಲಿ ನೆನೆಯದಿರುವುದು ಕಷ್ಟ. ಇಬ್ಬರ ಉದ್ದೇಶಗಳು ಬೇರೆ ಬೇರೆಯಾದರೂ ಹಟ ಒಂದೇ ಜಾತಿಯದು.

ಐದೂ ಪುಟಗಳು ತುಂಬಿದ ಮೇಲೆ, ಡಾಂಟೆಯ ಆ ಮಹಾಕಾವ್ಯದ ನರಕಕಾಂಡದ ನಾಲ್ಕನೆಯ ಸರ್ಗವನ್ನು ತೆರೆದು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಕ್ರಿಸ್ತನನ್ನು ಅರಿಯದ ಹಿರಿಯರು ಶಿಕ್ಷೆಯೂ ಇಲ್ಲದೆ ಸ್ವರ್ಗದ ಭರವಸೆಯೂ ಇಲ್ಲದೆ ಕುಳಿತಿರುವ ಕೋಟೆಯೊಂದು ಅಲ್ಲಿದೆ. ಹಸಿರು ಹುಲ್ಲುಗಾವಲಿನ ನಡುವೆ, ಎಲ್ಲರಿಂದ ಗೌರವ ಪಡೆಯುತ್ತ ಕುಳಿತವನು ಅರಿಸ್ಟಾಟಲ್. ಆತನಿಗೆ ಅತಿ ಹತ್ತಿರದಲ್ಲಿ ಸಾಕ್ರಟೀಸ್ ಮತ್ತು ಪ್ಲೇಟೊ. ಆಮೇಲೆ ಡೆಮಾಕ್ರಿಟಸ್, ಥೇಲ್ಸ್, ಹೆರಾಕ್ಲಿಟಸ್, ಸಿಸೆರೊ, ಸೆನೆಕಾ, ಯೂಕ್ಲಿಡ್, ಟಾಲೆಮಿ, ಗೇಲನ್. ಅವರ ಜೊತೆಯಲ್ಲಿಯೇ ಇಬ್ನ್ ಸಿನಾ ಮತ್ತು ಇಬ್ನ್ ರುಶ್ದ್. ಪೆನ್ಸಿಲ್ ಹಿಡಿದು, ನಿಮ್ಮ ನೋಟ್‌ಬುಕ್ಕಿನಲ್ಲಿ ಇರುವವರಿಗೆಲ್ಲ ಒಂದು ಗುರುತು ಹಾಕುತ್ತ ಹೋಗಿ. ಮೊದಲ ಸಲ ಹೀಗೆ ಮಾಡಿದಾಗ ಡಯೊಸ್ಕೊರಿಡೀಸ್ ಎಂಬ ಹೆಸರು ನನ್ನ ಯಾವ ಪುಟದಲ್ಲಿಯೂ ಸಿಗಲಿಲ್ಲ. ಆತ ಗಿಡಮೂಲಿಕೆಗಳ ಬಗ್ಗೆ ಬರೆದ ಗ್ರೀಕ್ ವೈದ್ಯನೆಂದು ತಿಳಿದ ಮೇಲೆ, ಹಲ್ಮಿಡಿಯ ಹಿಂದೆ ಖಾಲಿ ಬಿಟ್ಟಿದ್ದ ಹಾಳೆಯೊಂದರಲ್ಲಿ ಆತನಿಗೂ ಮೂರು ಸಾಲಿನ ಜಾಗವಾಯಿತು.